ಮೀನಿಲ್ಲದೆ ನನಗೇನಿದೆ

ಅಕ್ಕನ ಮಗಳು ಬೆಂಗಳೂರಿನಿಂದ ಒಂದು ಪಟ್ಟಿ ಕಳಿಸಿದ್ದಳು. ಇಂಗ್ಲಿಷಿನ ಹಳೆಯ ಪಾಪ್ ಹಾಡುಗಳ ಸಾಲಿನಲ್ಲಿ, ಹಾಡುಗಾರರ ಹೆಸರಿನಲ್ಲಿ ಮೀನು ಸಿಕ್ಕಿಸಿ ಮಾಡಿದ ಪನ್‌ಗಳು. ಆತ್ಮದ 'ಸೋಲ್' ಇದ್ದ ಕಡೆಯೆಲ್ಲ ನಮ್ಮ ನಂಗ್ ಮೀನಿನ 'ಸೋಲ್', 'ಗಾಡ್' ಇದ್ದ ಕಡೆ 'ಕಾಡ್', 'ಟ್ಯೂನ್ ಎ' ಅನ್ನುವಲ್ಲಿ 'ಟ್ಯೂನಾ'. ಈ ಕೊನೆಯದು ಹಳೆಯ ಮಾತು. ಪಿಯಾನೋ ಶ್ರುತಿ ಮಾಡಬಹುದು, ಟ್ಯೂನಾ ಮೀನನ್ನು ಮಾಡಲಾಗದು ಎಂಬರ್ಥದ ಆ ಸಾಲನ್ನು ಆರ್‌ಇಓ ಸ್ಪೀಡ್‌ವ್ಯಾಗನ್ ಅನ್ನುವ ಅಮೆರಿಕದ ತಂಡ 1978ರಲ್ಲಿ ತನ್ನ ಆಲ್ಬಮ್ಮಿಗೇ ಹೆಸರಾಗಿ ಇಟ್ಟುಕೊಂಡಿತ್ತು. ಪಟ್ಟಿಯ ಕೆಳಗೆ ಅವಳದೊಂದು ಪ್ರಶ್ನೆ: "ಮಾವ, ಕನ್ನಡದಲ್ಲಿ ಇಂಥದ್ದು ಆಗಲ್ಲ ಅಲ್ವಾ?"

ಆ 'ಆಗಲ್ಲ ಅಲ್ವಾ' ನನ್ನನ್ನು ಬಿಡಲಿಲ್ಲ. ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಹಾಡು ಮತ್ತು ಮೀನು ಎರಡೂ ಒಟ್ಟೊಟ್ಟಿಗೆ ಬಂದಿವೆ. ಬೆಳಗಾದರೆ ಭದ್ರಾವತಿ ಆಕಾಶವಾಣಿ, ಮಳೆಗಾಲ ಹಿಡಿದರೆ ಗದ್ದೆಯ ಕಂಡಿಯಲ್ಲಿ ಮೀನು ಹಿಡಿಯುವ ಬಿದಿರಿನ ಕೂಣಿ. ಗೊತ್ತಿರುವ ಹಾಡಿನ ಪದ ತೆಗೆದು ಅಲ್ಲಿ ಮೀನು ಕೂರಿಸಿ ಹಾಡುವುದನ್ನು ಕೇಳುತ್ತಲೇ ನಾವು ದೊಡ್ಡವರಾದೆವು. ಅದಕ್ಕೊಂದು ಹೆಸರಿರಲಿಲ್ಲ, ಅದನ್ನು ಯಾರೂ ಬರೆದಿಡಲಿಲ್ಲ, ಅಷ್ಟೆ. ಅವಳಿಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಹೇಳಲು ಹೊರಟಾಗ ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ ಅನ್ನಿಸಿತು.

ಒಂದಕ್ಷರದ ದೂರ

ಇಂಗ್ಲಿಷಿನಲ್ಲಿ ಮೀನಿನ ಪನ್ ಅಷ್ಟು ಸಲೀಸಾಗಿ ಹುಟ್ಟುವುದಕ್ಕೆ ಆ ಭಾಷೆಯ ಸ್ವಭಾವವೇ ಕಾರಣ. ಅಲ್ಲಿನ ಎಷ್ಟೋ ಮೀನುಗಳ ಹೆಸರು ಒಂದೇ ಉಸಿರಿನವು: ಕಾಡ್, ಸೋಲ್, ಈಲ್, ಕಾರ್ಪ್. ಬರೆಯುವುದೊಂದು, ಓದುವುದೊಂದು ಆಗಿರುವುದರಿಂದ ಬೇರೆ ಬೇರೆ ಕಾಗುಣಿತದ ಎರಡು ಪದಗಳು ಕಿವಿಗೆ ಒಂದೇ ಆಗಿ ಬೀಳುತ್ತವೆ. ಕೆಲವೊಮ್ಮೆ ತಿರುಗಾಮುರುಗ. ತಗ್ಗು ದನಿಯ ಗಿಟಾರು 'ಬೇಸ್', ಮೀನು 'ಬ್ಯಾಸ್', ಬರೆಯುವುದು ಮಾತ್ರ ಒಂದೇ ಥರ. ಹಾಡಿನ ಸಾಲು ಮುಟ್ಟದೆಯೇ ಮೀನು ಒಳಗೆ ಬಂದುಬಿಡುತ್ತದೆ.

ನಮ್ಮಲ್ಲಿ ಬರೆದ ಹಾಗೆ ಓದುತ್ತೇವೆ. ಪದ ಸ್ವರದಲ್ಲಿ ಮುಗಿಯುತ್ತದೆ, ಅದರ ಹಿಂದೆ ವಿಭಕ್ತಿಯ ಬಾಲ. ಹಾಗಾಗಿ ಒಂದೇ ಸದ್ದಿನ ಎರಡು ಪದ ಸಿಗುವುದು ಅಪರೂಪ. ಆದರೆ ಕನ್ನಡ ನಮಗೆ ಇನ್ನೊಂದು ದಾರಿ ಬಿಟ್ಟುಕೊಟ್ಟಿದೆ. ಒಂದಕ್ಷರ ಬದಲಿಸಬೇಕು, ಮಾತ್ರೆ ಕದಲಬಾರದು. ಆಗ ರಾಗ ಹಾಗೇ ನಿಲ್ಲುತ್ತದೆ, ತಾಳ ಹಾಗೇ ನಿಲ್ಲುತ್ತದೆ, ಅರ್ಥ ಮಾತ್ರ ನೀರಿಗೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಕನ್ನಡದ ಪ್ರೇಮಗೀತೆಗಳಷ್ಟು ಒಳ್ಳೆಯ ಕೆರೆ ಇನ್ನೊಂದಿಲ್ಲ. ಯಾಕೆಂದರೆ ಪ್ರೇಮಗೀತೆಯಲ್ಲಿ 'ನೀನು' ಇಲ್ಲದ ಸಾಲು ಹುಡುಕಬೇಕು, ಮತ್ತು 'ನೀನು' ಎಂಬುದಕ್ಕೂ 'ಮೀನು' ಎಂಬುದಕ್ಕೂ ಇರುವುದು ಒಂದೇ ಅಕ್ಷರದ ದೂರ. ನೀನೇ, ನೀನಿರಲು, ನೀನಾದರೆ, ನೀನೆಂದರೆ, ಎಲ್ಲ ಕಡೆ ಮೀನು ಕಾದು ಕೂತಿದೆ.

ಎಂ. ಎನ್. ವ್ಯಾಸರಾವ್ ಅವರ ಪ್ರಸಿದ್ಧ ಭಾವಗೀತೆಯ ಮೊದಲ ಸಾಲು 'ನೀನಿಲ್ಲದೆ ನನಗೇನಿದೆ'. ವಿರಹದ ಹಾಡುಗಳಲ್ಲಿ ನನಗೆ ಬಲು ಪ್ರಿಯವಾದದ್ದು. ಶಿವಮೊಗ್ಗದ ಒಂದು ಮೀನಿನ ಅಂಗಡಿಯ ಎದುರು, ಜೂನ್ ತಿಂಗಳ ಜಡಿಮಳೆಯಲ್ಲಿ, ಖಾಲಿ ಐಸ್ ಬಾಕ್ಸ್ ನೋಡುತ್ತಾ ಒಬ್ಬ ನಿವೃತ್ತ ಸಂಗೀತದ ಮೇಷ್ಟ್ರು 'ಮೀನಿಲ್ಲದೆ ನನಗೇನಿದೆ' ಅಂತ ಅದೇ ಧಾಟಿಯಲ್ಲಿ ಮೆಲ್ಲಗೆ ಹಾಡಿದ್ದನ್ನು ನಾನು ಕೇಳಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಗಳು ತಂದಷ್ಟೇ ಮೀನು. ಮಲ್ಪೆಯಿಂದ ಆಗುಂಬೆ ಘಾಟಿ ಹತ್ತಿ, ಗಂಗೊಳ್ಳಿಯಿಂದ ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಗಾಡಿಗಳು ಆ 61 ದಿನ ವಿರಳ. ಮೇಷ್ಟ್ರ ಹಾಡಿಗೆ ಸುತ್ತ ಇದ್ದವರೆಲ್ಲ ನಕ್ಕರು, ಆದರೆ ಆ ನಗುವಿನಲ್ಲಿ ನಿಜವಾದ ವಿರಹವೂ ಇತ್ತು. ಪದ ಬದಲಾಗಿತ್ತು, ಹಾಡಿನ ಭಾವ ಬದಲಾಗಿರಲಿಲ್ಲ. ಒಳ್ಳೆಯ ತಿರುವು ಅಂದರೆ ಅದು.

ಮಾತ್ರೆಯ ವಿಷಯ ಬಂತು, ಸ್ವಲ್ಪ ಇಲ್ಲೇ ನಿಲ್ಲುತ್ತೇನೆ. 'ಮಲ್ಲಿಗೆ' ಒಂದು ಗುರು ಎರಡು ಲಘು, ನಾಲ್ಕು ಮಾತ್ರೆ. 'ಕೋಗಿಲೆ' ಕೂಡ ಹಾಗೆಯೇ. 'ಬಂಗುಡೆ' ಕೂಡ ಹಾಗೆಯೇ! ಎಷ್ಟು ಕವಿಗಳು ಎಷ್ಟು ಹಾಡುಗಳಲ್ಲಿ ಮಲ್ಲಿಗೆ ಅರಳಿಸಿದ್ದಾರೆ, ಕೋಗಿಲೆ ಕೂಗಿಸಿದ್ದಾರೆ. ಅಷ್ಟೂ ಕಡೆ ಬಂಗುಡೆ ತಾಳ ತಪ್ಪದೆ ಹೋಗಿ ಕೂರಬಲ್ಲದು. 'ಭೂತಾಯಿ' ಎಂಬ ಮೀನು ಐದು ಮಾತ್ರೆಯದು, ಅದಕ್ಕೆ ಬೇರೆ ಜಾಗ ನೋಡಬೇಕು. ಸಿಗಡಿ, ಏಡಿ, ಬಾಳೆ, ಚೇಳಿ, ಇವೆಲ್ಲ ಮೂರರವು, ಮೂರು ಮಾತ್ರೆಯ ಲಯದಲ್ಲಿ ಸಾಗುವ ಹಾಡುಗಳಿಗೆ ಹೇಳಿ ಮಾಡಿಸಿದವು. ಛಂದಸ್ಸಿನ ಪಾಠದಲ್ಲಿ ಗುರು ಲಘು ಹಾಕುವುದನ್ನು ಕಲಿಯುವಾಗ ಬೇಜಾರಾಗಿದ್ದ ಎಷ್ಟೋ ಮಕ್ಕಳಿಗೆ ಈ ಬಂಗುಡೆಯಿಂದ ಶುರುಮಾಡಿ ಹೇಳಿಕೊಟ್ಟರೆ ಒಂದೇ ಗಳಿಗೆಯಲ್ಲಿ ತಲೆಗೆ ಹತ್ತುತ್ತದೆ ಅಂತ ನನ್ನ ಗಟ್ಟಿ ನಂಬಿಕೆ.

ಹತ್ತುಮೀನಿನ ರಾತ್ರಿ

ಇದನ್ನೆಲ್ಲ ನನಗೆ ಪುಸ್ತಕ ಹಿಡಿಯದೆ ಕಲಿಸಿದವರು ನಮ್ಮ ಚಿಕ್ಕಯ್ಯ. ಮೃಗಶಿರ ಮಳೆ ಕೂತು, ಹಳ್ಳ ಕೆಂಪಾಗಿ ತುಂಬಿ ಹರಿಯತೊಡಗಿತೆಂದರೆ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹತ್ತುತ್ತದೆ, ಹಳ್ಳದಿಂದ ಗದ್ದೆ ಹತ್ತುತ್ತದೆ, ಅದೇ ಹತ್ತುಮೀನು. ಆ ರಾತ್ರಿಗಳಲ್ಲಿ ಊರಲ್ಲಿ ನಿದ್ದೆ ಇರುವುದಿಲ್ಲ. ಕಂಬಳಿಕೊಪ್ಪೆ, ಗ್ಯಾಸ್‌ಲೈಟು, ಕೈಯಲ್ಲಿ ಕತ್ತಿ, ಕಂಡಿಯ ಬಾಯಿಗೆ ಕೂಣಿ. ದೊಡ್ಡವರ ಹಿಂದೆ ಮಕ್ಕಳು, ಮಕ್ಕಳ ಕೈಯಲ್ಲಿ ಟಾರ್ಚು. ಒಮ್ಮೆ ಚಿಕ್ಕಯ್ಯ ಬದುವಿನ ಬುಡದಲ್ಲಿ ಕೈಹಾಕಿ ಒಂದು ದಪ್ಪ ಹಾವುಮೀನನ್ನು ಎತ್ತಿಯೇ ಬಿಟ್ಟರು. "ಹಿಡಿಯಾ, ಹಿಡಿಯಾ" ಅಂತ ಎಲ್ಲರೂ ಕೂಗುವಷ್ಟರಲ್ಲಿ ಅದು ಬೆರಳ ಸಂದಿಯಿಂದ ನುಣುಚಿ ನೀರು ಸೇರಿತು. "ಹೋತಲ್ಲ ಮಾರಾಯಾ!" ಅಂತ ಯಾರೋ ಹೇಳಿದರು. ಚಿಕ್ಕಯ್ಯ ಕೆಸರು ಕೈ ಒರೆಸಿಕೊಂಡು, ಮಳೆಯ ಸದ್ದಿಗೂ ಮೇಲೆ ಕೇಳುವ ಹಾಗೆ ಎತ್ತರದ ದನಿಯಲ್ಲಿ ಹಾಡಿದರು: 'ಹಾವುಮೀನು ಜಾರಿ ಹೋಗಿತ್ತಾ!'

ಯಾವ ಹಾಡಿನ ಧಾಟಿ ಅಂತ ಅಲ್ಲಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ ಓಡಿ ಬಂದಿತ್ತಾ'. ಅದನ್ನು ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು ಶಿವಮೊಗ್ಗ ಸುಬ್ಬಣ್ಣ, ಕನ್ನಡದ ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ತಂದ ಮೊದಲಿಗರು. ಹೊಸನಗರ ತಾಲೂಕಿನ ನಗರದವರು ಅನ್ನುವ ಅಭಿಮಾನ ನಮ್ಮ ಕಡೆ ಎಲ್ಲರಿಗೂ ಇತ್ತು. 2022ರಲ್ಲಿ ಅವರು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ವೇದಿಕೆಯ ಮೇಲಿನ ಅವರ ಕಂಠ ಅಲ್ಲ, ಗದ್ದೆಯ ಮಳೆಯಲ್ಲಿ ಕೇಳಿದ ಆ ತಿರುಗಿಸಿದ ಸಾಲು.

ಮನೆಗೆ ಬಂದು, ಒಲೆಯ ಮುಂದೆ ಮೈ ಕಾಯಿಸುತ್ತಾ ಕೂತಾಗ ನಾನು ನನ್ನದೂ ಒಂದು ಇರಲಿ ಅಂತ ಹಾವುಮೀನಿನ ಜಾಗದಲ್ಲಿ ಮುರುಗೋಡು ಎಂಬ ಇನ್ನೊಂದು ಮೀನಿನ ಹೆಸರು ಹಾಕಿ ಹಾಡಿದೆ. ಚಿಕ್ಕಯ್ಯ ಕೇಳಿ, "ಕೂರದಿಲ್ಲ ಕಣೋ, ಒಂದು ಮಾತ್ರೆ ಕಮ್ಮಿ ಬಿತ್ತು" ಅಂದರು. ಅವರು ಮಳೆಗಾಲ ಮುಗಿದ ಮೇಲೆ ಊರೂರಿನ ಯಕ್ಷಗಾನ ಬಿಡದೆ ನೋಡುತ್ತಿದ್ದವರು, ತಾಳ ಅವರ ಬೆರಳಲ್ಲೇ ಇತ್ತು. ಕೂಣಿಯ ಬಿದಿರಿನ ಮೇಲೆ ಬಡಿದು ತೋರಿಸಿದರು. 'ಕಾಡು' ಮೂರು, 'ಕುದುರೆ' ಮೂರು. 'ಹಾವು' ಮೂರು, 'ಮೀನು' ಮೂರು. 'ಮುರುಗೋಡು' ಐದೇ, ಎಳೆದು ಹಾಡಿದರೆ ಕುದುರೆ ಕುಂಟುತ್ತದೆ. ಹಾಗಾದರೆ ಅವುಲು ಹಾಕಬಹುದಲ್ಲ, 'ಅವುಲುಮೀನು ಜಾರಿ ಹೋಗಿತ್ತಾ', ಮೂರು ಮೂರು ಸರಿಯಾಯಿತಲ್ಲ ಅಂದೆ. ಚಿಕ್ಕಯ್ಯ ಸ್ವಲ್ಪ ಹೊತ್ತು ಯೋಚಿಸಿದರು. "ತಾಳ ಸರಿ. ಆದ್ರೆ ಜಾರದು ಹಾವುಮೀನಿನ ಗುಣ. ಅವುಲು ಹತ್ತತದೆ. ಹತ್ತಿ ಬಂದಿತ್ತಾ ಅನ್ನು."

'ಅವುಲುಮೀನು ಹತ್ತಿ ಬಂದಿತ್ತಾ.' ಈಗಲೂ ಅದನ್ನು ಹೇಳಿಕೊಂಡರೆ ಮೈ ಜುಮ್ಮೆನ್ನುತ್ತದೆ. ಎಷ್ಟು ಸರಿ! 'ಓಡಿ' ಮೂರು ಮಾತ್ರೆ, 'ಹತ್ತಿ' ಮೂರು ಮಾತ್ರೆ. ಹತ್ತುಮೀನಿನ ರಾತ್ರಿಗೆ ಅದಕ್ಕಿಂತ ತಕ್ಕ ಕ್ರಿಯಾಪದ ಬೇರೆ ಉಂಟೇ? ಆ ಒಂದು ತಿದ್ದುಪಡಿಯಲ್ಲಿ ಚಿಕ್ಕಯ್ಯ ನನಗೆ ಇಡೀ ಕಾವ್ಯಮೀಮಾಂಸೆಯನ್ನೇ ಹೇಳಿಕೊಟ್ಟರು ಅಂತ ನಾನು ತಿಳಿದಿದ್ದೇನೆ. ಹಾಡಿನೊಳಗೆ ಮೀನು ಬಂದರೆ ಸಾಲದು, ಬಂದ ಮೇಲೆ ಅದು ಮೀನಿನ ಹಾಗೇ ನಡೆದುಕೊಳ್ಳಬೇಕು. ಅದೂ ಯಾವುದೋ ಒಂದು ಮೀನಿನ ಹಾಗಲ್ಲ, ಆ ಮೀನಿನ ಹಾಗೆ.

ಮೀನು ಮೀನಾಗಿರಬೇಕು

ಈ ಅಳತೆಗೋಲು ಹಿಡಿದು ಅಕ್ಕನ ಮಗಳ ಪಟ್ಟಿಯನ್ನು ಮತ್ತೆ ನೋಡಿದೆ. ಹೆಚ್ಚಿನವು ಸದ್ದಿಗೆ ಸದ್ದು ಸೇರಿಸಿದವು, ಒಂದು ಸಲ ನಕ್ಕರೆ ಮುಗಿಯಿತು. 'ಕಾಡ್' ಮೀನಿಗೆ ದೇವರ ಜಾಗದಲ್ಲಿ ಮಾಡಲು ಕೆಲಸವೇನೂ ಇಲ್ಲ. ಹಾಡುಗಾರರ ಹೆಸರಿಗೆ ಮೀನು ಅಂಟಿಸಿದವಂತೂ ನನಗೆ ಹಿಡಿಸಲೇ ಇಲ್ಲ. ಹೆಸರು ಅವರವರ ಅಪ್ಪ ಅಮ್ಮ ಇಟ್ಟಿದ್ದು, ಅದನ್ನು ಕದಡಿದರೆ ಹಾಡಿಗೇನೂ ಲಾಭವಿಲ್ಲ. (ತಾವಾಗಿ ಮೀನಿನ ಹೆಸರು ಹೊತ್ತುಕೊಂಡವರ ವಿಷಯ ಬೇರೆ. 'ಯೆಸ್' ತಂಡದ ಕ್ರಿಸ್ ಸ್ಕ್ವೈರ್, 'ಮರಿಲಿಯನ್' ತಂಡದ ಡೆರೆಕ್ ಡಿಕ್, ಇಬ್ಬರಿಗೂ 'ಫಿಶ್' ಅನ್ನುವ ಅಡ್ಡಹೆಸರು ಬಿದ್ದದ್ದು ಬಚ್ಚಲಿಗೆ ಹೋದರೆ ಗಂಟೆಗಟ್ಟಲೆ ಹೊರಗೆ ಬಾರದ ಅಭ್ಯಾಸದಿಂದಂತೆ. ಅಲ್ಲಿ ಮೀನಿನ ಗುಣವಿದೆ, ಹಾಗಾಗಿ ಆ ಹೆಸರು ಒಪ್ಪುತ್ತದೆ.)

ಪಟ್ಟಿಯಲ್ಲಿ ಒಂದು ಮಾತ್ರ ಚಿಕ್ಕಯ್ಯನ ಪರೀಕ್ಷೆಯಲ್ಲಿ ಪಾಸಾಯಿತು. ಡೀನ್ ಮಾರ್ಟಿನ್ 1953ರಲ್ಲಿ ಹಾಡಿ ಹೆಸರುವಾಸಿಯಾದ ಪ್ರೇಮಗೀತೆಯಲ್ಲಿ ಪ್ರೇಮಕ್ಕೆ ಇರುವ ಇಟಾಲಿಯನ್ ಪದ 'ಅಮೋರೆ'. ಅದನ್ನು ಎರಡಾಗಿ ಬಿಡಿಸಿ ಓದಿದರೆ 'ಎ ಮೋರೆ', ಅಂದರೆ ಸಮುದ್ರದ ಬಂಡೆಸಂದಿಯಲ್ಲಿರುವ ಮೋರೆ ಎಂಬ ಹಾವುಮೀನು. ಇಷ್ಟಾದರೆ ಅದೂ ಬರೀ ಸದ್ದೇ. ಆದರೆ ಯಾರೋ ಆ ಹಾಡಿನ ಧಾಟಿಯಲ್ಲಿ, ತೆರೆದ ದವಡೆಯ ಒಳಗೆ ಇನ್ನೊಂದು ದವಡೆ ಕಂಡರೆ ಅದೇ ಮೋರೆ ಎಂಬರ್ಥದ ಸಾಲು ಕಟ್ಟಿದ್ದಾರೆ. ಅದು ನಿಜ. ಮೋರೆ ಮೀನಿನ ಗಂಟಲಲ್ಲಿ ಎರಡನೇ ಜೊತೆ ದವಡೆ ಇದೆ. ಮೊದಲನೆಯದು ಬೇಟೆಯನ್ನು ಕಚ್ಚಿ ಹಿಡಿದ ಕೂಡಲೇ ಒಳಗಿನದು ಮುಂದೆ ಚಿಮ್ಮಿ ಬಂದು ಅದನ್ನು ಗಂಟಲಿಗೆ ಎಳೆದುಕೊಳ್ಳುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆಂದು ವಿಜ್ಞಾನಿಗಳು ಚಿತ್ರಸಮೇತ ತೋರಿಸಿದ್ದು 2007ರಲ್ಲಿ. ಅಂಥ ಹೊಸ ತಿಳಿವನ್ನು ಹಳೆಯ ಹಾಡಿನ ಪ್ರಾಸದೊಳಗೆ ತಂದು ಕೂರಿಸಿದವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ.

ರಿಂಗೋ ಸ್ಟಾರ್ ಅವರ ಆಕ್ಟೋಪಸ್ ಹಾಡೂ ಹೀಗೆ ನಿಜದಿಂದ ಹುಟ್ಟಿದ್ದು. 1968ರಲ್ಲಿ ಬೀಟಲ್ಸ್ ತಂಡದಿಂದ ಮುನಿಸಿಕೊಂಡು ಹೊರಬಿದ್ದು ಸಾರ್ಡೀನಿಯಾ ದ್ವೀಪಕ್ಕೆ ಹೋದಾಗ, ನಟ ಪೀಟರ್ ಸೆಲ್ಲರ್ಸ್ ಅವರ ದೋಣಿಯಲ್ಲಿ ಊಟಕ್ಕೆ ಮೀನಿನ ಬದಲು ಬೊಂಡಾಸ್, ಅಂದರೆ ಸ್ಕ್ವಿಡ್, ಬಡಿಸಿದರಂತೆ. ಮಾತಿಗೆ ಮಾತು ಬಂದು ದೋಣಿಯ ಕಪ್ತಾನ, ಆಕ್ಟೋಪಸ್ಸು ಸಮುದ್ರತಳದ ಕಲ್ಲುಗಳನ್ನು ಆರಿಸಿ ತಂದು ತನ್ನ ಗೂಡಿನ ಮುಂದೆ ತೋಟದ ಹಾಗೆ ಜೋಡಿಸಿಕೊಳ್ಳುತ್ತದೆ ಅಂದ. ಆ ಹಾಡು 1969ರ 'ಆಬಿ ರೋಡ್' ಆಲ್ಬಮ್ಮಿನಲ್ಲಿ ಬಂತು. ಮಕ್ಕಳ ಹಾಡೆಂದು ಕೆಲವರು ಅದನ್ನು ಬದಿಗಿಡುತ್ತಾರೆ. ನನಗೆ ಅದು ಆ ಆಲ್ಬಮ್ಮಿನ ಅತ್ಯಂತ ನೆಮ್ಮದಿಯ ಹಾಡು.

ಈಗ ಕನ್ನಡದ ಅತಿ ಚೆಂದದ ಮೀನಿನ ತಿರುವಿಗೆ ಬರುತ್ತೇನೆ. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಕ್ಕೆ ಇಳಯರಾಜಾ ಸಂಗೀತ ಕೊಟ್ಟ 'ನಗುವ ನಯನ ಮಧುರ ಮೌನ'. ನಮ್ಮ ಕಾಲೇಜು ದಿನಗಳಲ್ಲಿ ಹಾಸ್ಟೆಲ್ಲಿನ ಹುಡುಗರು ಅದನ್ನು 'ಮಧುರ ಮೀನ' ಅಂತ ಹಾಡುತ್ತಿದ್ದರು. ಔ ಹೋಗಿ ಈ ಬಂದರೆ ಆಯಿತು, ಮಾತ್ರೆ ಅದೇ ಮೂರು. ಅವರು ಭಾನುವಾರದ ಊಟ ನೆನೆಸಿಕೊಂಡು ಹಾಡಿದ್ದು ನಿಜ. ಆದರೆ ಒಂದು ಗಳಿಗೆ ನಿಂತು ನೋಡಿ. ನಯನದ ಪಕ್ಕದಲ್ಲಿ ಮೀನ! ಕಣ್ಣಿಗೆ ಮೀನಿನ ಹೋಲಿಕೆ ನಮ್ಮ ಕಾವ್ಯದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಮೀನಾಕ್ಷಿ, ಮೀನಲೋಚನೆ ಎಂಬ ಹೆಸರುಗಳಲ್ಲಿ ಅದು ಮನೆಮನೆಗೂ ಬಂದಿದೆ. ಹೆಚ್ಚಿನ ಮೀನುಗಳಿಗೆ ರೆಪ್ಪೆ ಇಲ್ಲ, ಅವು ಎವೆಯಿಕ್ಕುವುದಿಲ್ಲ. ದೇವಿ ತನ್ನ ಭಕ್ತರನ್ನು ಎವೆಯಿಕ್ಕದೆ ಕಾಯುತ್ತಾಳೆ ಎಂಬ ನಂಬಿಕೆ ಬಂದದ್ದು ಆ ನೋಟದಿಂದ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದವರು, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮಕ್ಕೆ ಹೋದವರು ಆ ಕಣ್ಣುಗಳನ್ನು ಹತ್ತಿರದಿಂದ ನೋಡಿರುತ್ತಾರೆ. ಹಾಸ್ಟೆಲ್ಲಿನ ಹುಡುಗರು ಗೊತ್ತಿಲ್ಲದೆಯೇ ಹಳೆಯ ಕವಿಸಮಯಕ್ಕೆ ಹೋಗಿ ಮುಟ್ಟಿದ್ದರು. ಮೂಲದ 'ಮೌನ' ಕೂಡ ಪೂರ್ತಿ ಕಳೆದುಹೋಗುವುದಿಲ್ಲ, ಯಾಕೆಂದರೆ ಮೀನು ಅಂದರೆ ಮೌನಿ ಅಂತಲೇ ನಾವು ಎಣಿಸಿದ್ದೇವೆ. ಅಷ್ಟೇನೂ ಮೌನಿ ಅಲ್ಲ ಅನ್ನುವುದು ಗಾಳ ಹಾಕಿದವರಿಗೆ ಗೊತ್ತು. ಮೀಸೆಯ ಮೀನುಗಳಲ್ಲಿ ಕೆಲವು ಕೈಗೆ ಸಿಕ್ಕ ಕೂಡಲೇ ಪಕ್ಕದ ಮುಳ್ಳು ತಿಕ್ಕಿ ಕಿರ್ ಕ್ರಿರ್ ಅಂತ ಸದ್ದು ಮಾಡುತ್ತವೆ.

ಇಂಗ್ಲಿಷಿನ ಪಾಪ್ ಹಾಡನ್ನೇ ತಂದು ಕನ್ನಡದಲ್ಲಿ ತಿರುಗಿಸುವುದೂ ಹೊಸ ವಿದ್ಯೆಯೇನಲ್ಲ. ಭೂವಿಜ್ಞಾನ ಓದಲು ಲಂಡನ್ನಿಗೆ ಹೋಗಿದ್ದ ಕೈಲಾಸಂ ಅಲ್ಲಿನ ಜನಪ್ರಿಯ ಹಾಡುಗಳನ್ನು ಕಿವಿಯಲ್ಲಿ ತುಂಬಿಕೊಂಡು ಬಂದವರು. 1912ರ ಹಾಡಿನಲ್ಲಿ ಬರುವ ದೂರದ ಐರಿಷ್ ಊರು 'ಟಿಪ್ಪರೇರಿ' ಅವರ ಕೈಯಲ್ಲಿ 'ತಿಪ್ಪಾರಳ್ಳಿ' ಆಯಿತು. 'ಕಾನ್‌ಸ್ಟಾಂಟಿನೋಪಲ್' ಎಂಬ ಊರ ಹೆಸರನ್ನು ಅಕ್ಷರ ಬಿಡಿಸಿ ಹಾಡುವ ಇನ್ನೊಂದು ಹಾಡು, ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳುವ 'ಕೋಳಿಕೆ ರಂಗ' ಆಯಿತು. ಅವರು ಅನುವಾದ ಮಾಡಲಿಲ್ಲ, ಆ ಸದ್ದಿಗೆ ನಮ್ಮ ಮಣ್ಣಿನಲ್ಲಿ ಯಾವ ಊರಿದೆ, ಯಾವ ಮನುಷ್ಯನಿದ್ದಾನೆ ಅಂತ ಹುಡುಕಿದರು. ಟಿಪ್ಪರೇರಿ ಎಲ್ಲಿದೆ ಅಂತ ಗೊತ್ತಿಲ್ಲದವರೂ ತಿಪ್ಪಾರಳ್ಳಿಯ ಹಾಡಿಗೆ ತಲೆದೂಗಿದರು. ಮಲೆನಾಡಿನ ಮೀನು ಇಂಗ್ಲಿಷ್ ಹಾಡಿಗೆ ಹೋಗುವುದಿದ್ದರೆ ಹೀಗೆ ಹೋಗಬೇಕು, ಅದರ ಹಳ್ಳದ ಸಮೇತ.

ಕೇದಾರ

ಟ್ಯೂನಾಕ್ಕೆ ಕನ್ನಡದಲ್ಲಿ ಜೋಡಿ ಇದೆಯೇ ಅನ್ನುವುದು ಮಾತ್ರ ಬಹಳ ದಿನ ಬಗೆಹರಿದಿರಲಿಲ್ಲ. ಮೀನೂ ಆಗಬೇಕು, ಸಂಗೀತವೂ ಆಗಬೇಕು. ಬಗೆಹರಿಸಿದವರು ಅದೇ ನಿವೃತ್ತ ಮೇಷ್ಟ್ರು, ಅದೇ ಅಂಗಡಿಯಲ್ಲಿ. ಆಗಸ್ಟ್ ಬಂದು ದೋಣಿಗಳು ಕಡಲಿಗಿಳಿದಿದ್ದವು. ಜೂನ್ ಮಧ್ಯದ ಮೇಲೆ ಪೂರ್ವ ಕರಾವಳಿಯ ನಿಷೇಧ ಮುಗಿದು ಅಲ್ಲಿಂದ ಬರುತ್ತಿದ್ದ ಐಸು ಹಾಕಿದ ಮೀನನ್ನೇ ತಿಂದು ಬೇಸತ್ತಿದ್ದ ಜನ ಸಾಲಾಗಿ ನಿಂತಿದ್ದರು. ಅಂಗಡಿಯವರು ಗಂಗೊಳ್ಳಿ ಕಡೆಯವರು. ಹಲಗೆಯ ಮೇಲೆ ಬಂಗುಡೆ, ಕಾಣೆ, ಅಂಜಲ್, ಆಚೆ ಬದಿಯಲ್ಲಿ ದುಂಡಗೆ, ಉಕ್ಕಿನ ಬಣ್ಣಕ್ಕೆ ಹೊಳೆಯುವ ನಾಲ್ಕಾರು ದೊಡ್ಡ ಮೀನು.

"ಇದೆಂತ ಸಾಬ್ರೇ?" ಅಂತ ಮೇಷ್ಟ್ರು ಕೇಳಿದರು.

"ಕೇದರ, ಮೇಷ್ಟ್ರೇ. ಟ್ಯೂನಾ ಅಂತಾರಲ್ಲ, ಅದೇ."

ಮೇಷ್ಟ್ರ ಮುಖ ಅರಳಿದ್ದನ್ನು ನೋಡಬೇಕಿತ್ತು. ಕರಾವಳಿಯಲ್ಲಿ ಕೆಲವರು ಕೇದರ ಅನ್ನುತ್ತಾರೆ, ಕೆಲವರು ಗೇದರ ಅನ್ನುತ್ತಾರೆ. ಮೇಷ್ಟ್ರಿಗೆ ಕೇಳಿಸಿದ್ದು ಕೇದಾರ. ಕರ್ನಾಟಕ ಸಂಗೀತದಲ್ಲಿ ಶಂಕರಾಭರಣದ ಜನ್ಯ, ಹಿಂದೂಸ್ತಾನಿಯಲ್ಲಿ ಕಲ್ಯಾಣ್ ಥಾಟಿನ ರಾತ್ರಿಯ ರಾಗ. ಅಲ್ಲೇ, ಮಳೆ ತೊಟ್ಟಿಕ್ಕುವ ತಗಡಿನ ಕೆಳಗೆ, ಚೀಲ ಹಿಡಿದುಕೊಂಡೇ ಒಂದಿಷ್ಟು ಆಲಾಪ ತೆಗೆದರು. ಟ್ಯೂನ್ ಮಾಡಲಾಗದ ಮೀನು ಅಂತ ಅಮೆರಿಕದವರು ಹೇಳಿದರೆ, ನಮ್ಮಲ್ಲಿ ಆ ಮೀನು ಶ್ರುತಿ ಸೇರಿಸಿಕೊಂಡೇ ಹುಟ್ಟಿದೆ! ಒಂದು ದೀರ್ಘ ಮಾತ್ರ ಕಮ್ಮಿ, ಅದನ್ನು ಹಾಡುವವರು ಎಳೆದುಕೊಳ್ಳಬಹುದು.

"ಒಂದು ಕಿಲೋ ಕೊಡಿ ಸಾಬ್ರೇ" ಅಂದರು ಮೇಷ್ಟ್ರು. "ಆದ್ರೆ ಕೇದಾರ ಅಂದ್ಮೇಲೆ ರಾತ್ರಿಗೇ ಆಗ್ಬೇಕು, ಹಗಲು ಹಾಡುವಂಥದ್ದಲ್ಲ."

ಸಾಬ್ರು ಕತ್ತಿ ಎತ್ತಿದವರು ತಲೆಯೆತ್ತಿ ನೋಡಿದರು. "ರಾತ್ರಿವರೆಗೆ ಇಡ್ಬೇಡಿ ಮಾರಾಯ್ರೆ. ಕೇದರ ಬೇಗ ಕೆಡ್ತದೆ. ಐಸಿಂದ ತೆಗ್ದು ಹೊರಗಿಟ್ರೆ ನಾಲಿಗೆ ತುರಿಸ್ತದೆ, ಮೈಯೆಲ್ಲ ಕೆಂಪಾಗ್ತದೆ. ಮಧ್ಯಾಹ್ನಕ್ಕೇ ಸಾರು ಮಾಡ್ಸಿ."